ಘಟ್ಟ ಹತ್ತುವ ಟ್ಯಾಕ್ಸಿಗೆ ರೇಡಿಯೇಟರ್ ಹೋಸ್: ಕಂಪನಿಯದೋ, ಹೊರಗಿನದೋ? ಒಂದು ಪ್ರಕರಣ

ಹಿನ್ನೆಲೆ

2014ರ ಡೀಸೆಲ್ ಸೆಡಾನ್, 1.3 ಲೀಟರ್ ಎಂಜಿನ್, ಹಳದಿ ಬೋರ್ಡು. ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಮಾಲೀಕರೇ ಓಡಿಸುವ ಟ್ಯಾಕ್ಸಿ. ವಾರಕ್ಕೆ ಎರಡು ಮೂರು ಸಲ ಮಂಗಳೂರಿಗೆ ಇಳಿದು ಶಿರಾಡಿ ಘಾಟಿ ಹತ್ತಿ ವಾಪಸಾಗುವುದೇ ಅದರ ಮುಖ್ಯ ದುಡಿಮೆ. ಗುರುತು ಸಿಗದಿರಲೆಂದು ಕಾರಿನ ಕಂಪನಿ, ಗ್ಯಾರೇಜು, ಅಂಗಡಿಗಳ ಹೆಸರು ಇಲ್ಲಿ ಹೇಳಿಲ್ಲ.

ದಾರಿಯ ಬಗ್ಗೆ ಮೊದಲೇ ಹೇಳಬೇಕು, ಏಕೆಂದರೆ ಇದೇ ಕಾರು ಬಯಲುಸೀಮೆಯಲ್ಲಿ ಓಡುತ್ತಿದ್ದರೆ ಸಮಸ್ಯೆ ಇನ್ನೂ ವರ್ಷಗಟ್ಟಲೆ ಬೆಳಕಿಗೆ ಬರುತ್ತಿರಲಿಲ್ಲ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯ ದಾಟಿ ಸಕಲೇಶಪುರದ ಕಡೆ ಏರುವಾಗ ಲಾರಿಗಳ ಸಾಲಿನ ಹಿಂದೆ ಎರಡನೇ ಗೇರಿನಲ್ಲೇ ಬಹುದೂರ ಸಾಗಬೇಕು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಆದರೆ ವೇಗ ಇಲ್ಲದ್ದರಿಂದ ಎಂಜಿನ್ನಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ, ಫ್ಯಾನಿನ ಗಾಳಿಯೊಂದೇ ಆಸರೆ. ಮೇಲೆ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ಕೂಲಂಟ್ (ಎಂಜಿನ್ ತಂಪಿಡಲು ನೀರಿಗೆ ಬೆರೆಸುವ ದ್ರವ) ಅರ್ಧ ನೀರು ಇದ್ದು, ತಂಪಿಡುವ ವ್ಯವಸ್ಥೆ 1.1 ಬಾರ್ ಒತ್ತಡವನ್ನು ಸರಿಯಾಗಿ ಹಿಡಿದುಕೊಂಡರೆ ಕುದಿಯುವ ಬಿಂದು 125 ಡಿಗ್ರಿ ದಾಟುತ್ತದೆ. ಒತ್ತಡ ಸೋರಿಹೋದರೆ ಈ ರಕ್ಷಣೆಯ ಬಹುಪಾಲು ಇಲ್ಲವಾಗುತ್ತದೆ.

ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಈ ಕೂಲಂಟನ್ನು ಹರಿಸುವ ರಬ್ಬರ್ ಕೊಳವೆಗಳೇ ಹೋಸ್‌ಗಳು. ಕಾರಿನ ಜೊತೆ ಬಂದಿದ್ದವು ಒಂಬತ್ತು ವರ್ಷ ಬಾಳಿದ್ದವು. 1,60,000 ಕಿಲೋಮೀಟರಿನ ಹೊತ್ತಿಗೆ ಮೇಲಿನ ಹೋಸ್ ಎಂಜಿನ್ ಕಡೆಯ ತುದಿಯಲ್ಲಿ ಉಬ್ಬಿ ಜಿನುಗತೊಡಗಿತು. ಆಗ ಗ್ಯಾರೇಜಿನಲ್ಲಿ ಮೇಲಿನದು, ಕೆಳಗಿನದು ಎರಡನ್ನೂ ತೆಗೆದು ಊರಿನ ಅಂಗಡಿಯಲ್ಲಿ ಸಿಕ್ಕ ಜೋಡಿ ಹಾಕಿದರು. ಎರಡಕ್ಕೂ ಸೇರಿ 520 ರೂಪಾಯಿ. ಪ್ಲಾಸ್ಟಿಕ್ ಚೀಲದ ಮೇಲೆ ಕಾರಿನ ಮಾದರಿಯ ಹೆಸರು ಬಿಟ್ಟರೆ ತಯಾರಕರ ವಿಳಾಸವಾಗಲಿ ತಿಂಗಳು ವರ್ಷವಾಗಲಿ ಇರಲಿಲ್ಲ. ಹಳೆಯ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಬಿಸಾಡಿ ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್ ಹಾಕಿದರು. ಕಡಿಮೆಯಾದ ಕೂಲಂಟಿಗೆ ನಲ್ಲಿ ನೀರು ಸುರಿದರು.

ಸಮಸ್ಯೆ

ಒಂದು ವರ್ಷ ಕಳೆದ ಮೇಲೆ ಎರಡು ದೂರು ಒಟ್ಟಿಗೆ ಬಂದವು. ಕೂಲಂಟ್ ಡಬ್ಬಿಗೆ ವಾರಕ್ಕೊಮ್ಮೆ ಕಾಲು ಲೀಟರಿನಷ್ಟು ತುಂಬಿಸಬೇಕು, ಆದರೆ ಕಾರು ನಿಂತ ಜಾಗದಲ್ಲಿ ತೊಟ್ಟಿಕ್ಕಿದ ಕಲೆ ಇಲ್ಲ. ಇನ್ನೊಂದು, ಎಸಿ ಹಾಕಿಕೊಂಡು ಘಟ್ಟ ಹತ್ತಿದರೆ ಉಷ್ಣತೆಯ ಮುಳ್ಳು ಮುಕ್ಕಾಲು ದಾಟುತ್ತದೆ, ಎಸಿ ಆರಿಸಿ ಸ್ವಲ್ಪ ಸಮತಟ್ಟು ಸಿಕ್ಕರೆ ಇಳಿಯುತ್ತದೆ. ಸ್ಕ್ಯಾನರ್ ಜೋಡಿಸಿ ಹತ್ತಿಸಿದಾಗ 112 ಡಿಗ್ರಿ ತೋರಿಸಿತು.

ಮೊದಲ ಗುಮಾನಿ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲಿನ ಮೇಲೆ ಹೋಯಿತು. ಘಟ್ಟದಲ್ಲಿ ಬಿಸಿಯಾಗುವ ಡೀಸೆಲ್ ಕಾರು ಬಂದರೆ ಹಾಗೆ ಅನುಮಾನಿಸುವುದು ಸಹಜ. ಹೆಡ್ ಇಳಿಸಿದರೆ ಐದಂಕಿಯ ಖರ್ಚು, ಕನಿಷ್ಠ ನಾಲ್ಕು ದಿನ ಗಾಡಿ ನಿಲ್ಲಬೇಕು. ಮಾಲೀಕರು ಅದಕ್ಕೆ ಒಪ್ಪುವ ಮೊದಲು ಒತ್ತಡದ ಪರೀಕ್ಷೆ ಮಾಡಿಸಲು ಬೇರೊಂದು ಗ್ಯಾರೇಜಿಗೆ ಗಾಡಿ ತಂದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಣ ಉಳಿಸಿದ ತೀರ್ಮಾನ ಇದೇ.

ಪರೀಕ್ಷೆಯಲ್ಲಿ ಕಂಡದ್ದು

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ಜಾಗಕ್ಕೆ ಕೈಪಂಪ್ ಕೂರಿಸಿ 1.1 ಬಾರ್ ಒತ್ತಡ ತುಂಬಿದರು. ಹತ್ತು ನಿಮಿಷದಲ್ಲಿ ಮುಳ್ಳು ಅರ್ಧಕ್ಕೆ ಇಳಿಯಿತು. ಮೇಲಿನ ಹೋಸ್ ರೇಡಿಯೇಟರಿನ ಮೂತಿಗೆ ಕೂರುವಲ್ಲಿ ಕ್ಲಿಪ್ಪಿನ ಅಡಿಯಿಂದ ಸಣ್ಣಗೆ ಒಸರುತ್ತಿತ್ತು. ಬಿಸಿ ರೇಡಿಯೇಟರಿನ ಮೇಲೆ ಬಿದ್ದದ್ದು ಅಲ್ಲೇ ಆವಿಯಾಗುತ್ತಿದ್ದರಿಂದ ನೆಲದಲ್ಲಿ ಕಲೆ ಇರಲಿಲ್ಲ, ಹತ್ತಿರದಿಂದ ನೋಡಿದರೆ ಮಾತ್ರ ಒಣಗಿದ ಹಸಿರು ಪುಡಿ ಕಾಣುತ್ತಿತ್ತು. ಕ್ಯಾಪನ್ನೂ ಅದೇ ಪಂಪಿಗೆ ಜೋಡಿಸಿ ನೋಡಿದರು. 1.1 ಬಾರ್ ಎಂದು ಅಚ್ಚಾಗಿದ್ದ ಕ್ಯಾಪ್ 0.3ಕ್ಕೇ ಬಿಟ್ಟುಕೊಟ್ಟಿತು, ಒಳಗಿನ ರಬ್ಬರ್ ಸೀಲ್ ಕಲ್ಲಿನಂತಾಗಿತ್ತು.

ಗ್ಯಾಸ್ಕೆಟ್ ಹೋಗಿದ್ದರೆ ತಣ್ಣನೆಯ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾಗಿ ಬಿಗಿದುಕೊಳ್ಳಬೇಕಿತ್ತು, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರಬೇಕಿತ್ತು. ಎರಡೂ ಆಗಲಿಲ್ಲ. ಕೂಲಂಟ್ ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟನ್ನು ಬಿಸಿನೀರಿನಲ್ಲಿ ಇಟ್ಟು ನೋಡಿದಾಗ ಅದರ ಮೇಲೆ ಬರೆದಿದ್ದ 88 ಡಿಗ್ರಿಯ ಹತ್ತಿರವೇ ತೆರೆಯಿತು. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಉದ್ದಗಲ ಅಳೆದಾಗ ಎಲ್ಲೂ ತಣ್ಣನೆಯ ತೇಪೆ ಇಲ್ಲ, ಅಂದರೆ ಒಳಗೆ ಕಟ್ಟಿಕೊಂಡಿಲ್ಲ.

ಆಮೇಲೆ ಎಂಜಿನ್ ಬಿಸಿಮಾಡಿ 3,000 ಆರ್‌ಪಿಎಂಗೆ ಏರಿಸಿದಾಗ ಕೆಳಗಿನ ಹೋಸ್ ಬಾಗಿನಲ್ಲಿ ಚಪ್ಪಟೆಯಾಯಿತು. ಕೆಳಗಿನ ಹೋಸ್ ಇರುವುದು ವಾಟರ್ ಪಂಪ್ ಎಳೆದುಕೊಳ್ಳುವ ಬದಿಯಲ್ಲಿ. ಅದು ಚಪ್ಪಟೆಯಾದರೆ ಎಂಜಿನ್ ಎಷ್ಟು ಜೋರಾಗಿ ತಿರುಗಿದರೂ ನೀರು ಓಡುವುದು ಕಡಿಮೆಯಾಗುತ್ತದೆ, ಘಟ್ಟದಲ್ಲಿ ಬೇಕಾದುದಕ್ಕೆ ಸರಿಯಾಗಿ ಉಲ್ಟಾ.

ಹೋಸ್ ಚಪ್ಪಟೆಯಾಗುವುದನ್ನು ಕಂಡವರು ಅದು ಯಾವ ಹೊತ್ತಿನಲ್ಲಿ ಆಗುತ್ತಿದೆ ಎಂದು ಗಮನಿಸಬೇಕು. ಎಂಜಿನ್ ಆರಿಸಿ ತಣ್ಣಗಾಗುತ್ತಿರುವಾಗ ಮೇಲಿನ ಹೋಸ್ ಕುಗ್ಗಿದರೆ ತಪ್ಪು ಕ್ಯಾಪಿನದು. ಒಳಗೆ ನಿರ್ವಾತ ಆದಾಗ ಡಬ್ಬಿಯಿಂದ ಕೂಲಂಟ್ ಎಳೆದುಕೊಳ್ಳಲು ಕ್ಯಾಪಿನ ನಡುವೆ ಇರುವ ಚಿಕ್ಕ ವಾಲ್ವ್ ಅಂಟಿಕೊಂಡಿರುತ್ತದೆ. ಎಂಜಿನ್ ಏರಿಸಿದಾಗ ಕೆಳಗಿನದು ಕುಗ್ಗಿದರೆ ಕಾರಣ ಬೇರೆ: ರೇಡಿಯೇಟರ್ ಕಟ್ಟಿರಬೇಕು, ಇಲ್ಲವೇ ಹೋಸಿಗೆ ಬಲ ಇಲ್ಲದಿರಬೇಕು, ಇಲ್ಲವೇ ವ್ಯವಸ್ಥೆಯಲ್ಲಿ ಒತ್ತಡವೇ ನಿಲ್ಲುತ್ತಿಲ್ಲದಿರಬೇಕು. ಒಳಗೆ ಒತ್ತಡ ತುಂಬಿದ್ದಾಗ ಪಂಪಿನ ಎಳೆತ ಹೋಸನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ತರುವುದು ಕಷ್ಟ. ಇಲ್ಲಿ ಕೊನೆಯ ಎರಡೂ ಕಾರಣ ಸೇರಿಕೊಂಡಿದ್ದವು.

ರಿಪೇರಿ ಹೋದ ದಾರಿ

ಮೊದಲು ಬರೀ ಕ್ಯಾಪ್ ಬದಲಿಸಿದರು, 280 ರೂಪಾಯಿ. ಕೆಳಗಿನ ಹೋಸ್ ಕುಗ್ಗುವುದು ಕಡಿಮೆಯಾಯಿತು, ಆದರೆ ಮೇಲಿನ ಕ್ಲಿಪ್ಪಿನ ಒಸರು ತೊಟ್ಟಿಕ್ಕುವ ಸೋರಿಕೆಯಾಯಿತು. ಹೊಸ ಭಾಗ ಹಾಕಿದ ಕೂಡಲೇ ಸೋರಿಕೆ ಹೆಚ್ಚಿದರೆ ಆ ಭಾಗವನ್ನೇ ಕೆಟ್ಟದ್ದೆಂದು ವಾಪಸ್ ಕೊಡುವವರಿದ್ದಾರೆ. ನಿಜ ಏನೆಂದರೆ ಕ್ಯಾಪ್ ಈಗ ತನ್ನ ಕೆಲಸ ಮಾಡುತ್ತಿತ್ತು, ಒತ್ತಡ ನಿಂತ ಮೇಲೆ ಬಲಹೀನವಾದ ಜೋಡಣೆ ಬಾಯಿಬಿಟ್ಟಿತು.

ಆ ಕ್ಲಿಪ್ಪನ್ನು ತಾತ್ಕಾಲಿಕವಾಗಿ ಬಿಗಿದರು. ಇದರಲ್ಲಿ ಅಪಾಯವಿದೆ. ರೇಡಿಯೇಟರಿನ ಟ್ಯಾಂಕು ಗಾಜಿನೆಳೆ ಸೇರಿಸಿದ ನೈಲಾನ್, ಹತ್ತು ವರ್ಷ ಬಿಸಿ ತಿಂದ ಮೂತಿಗೆ ಸ್ಕ್ರೂ ಕ್ಲಿಪ್ಪಿನ ಬಲ ಹೆಚ್ಚಾದರೆ ಕೂದಲೆಳೆಯ ಬಿರುಕು ಬೀಳುತ್ತದೆ, ಆಗ ರೇಡಿಯೇಟರನ್ನೇ ಬದಲಿಸಬೇಕು. ಬಿಗಿದ ಮೇಲೆ ಒತ್ತಡ 0.9 ಬಾರ್ ತಲುಪಿತು. ಕೆಳಗಿನ ಹೋಸ್ ಈಗ ಕುಗ್ಗಲಿಲ್ಲ, ಆದರೆ ಬಾಗಿನ ಹೊರಮೈ ಉಬ್ಬಿ ನಿಂತಿತು. ಕ್ಯಾಲಿಪರಿನಲ್ಲಿ ಅಳೆದರೆ ತಣ್ಣಗಿದ್ದಾಗ 40 ಮಿಲಿಮೀಟರ್ ಇದ್ದ ಹೊರವ್ಯಾಸ 44 ಆಗಿತ್ತು. ಎಳೆದಾಗ ಕುಗ್ಗುತ್ತದೆ, ಒತ್ತಿದಾಗ ಉಬ್ಬುತ್ತದೆ ಎಂದ ಮೇಲೆ ಹೋಸಿನ ತೀರ್ಪು ಆದಂತೆಯೇ.

ಬಿಚ್ಚಿ ಸೀಳಿದಾಗ ಕಾರಣ ತಿಳಿಯಿತು. ರೇಡಿಯೇಟರ್ ಹೋಸ್ ಎಂದರೆ ಬರೀ ರಬ್ಬರ್ ಅಲ್ಲ. ಒಳಗೊಂದು ಇಪಿಡಿಎಂ ರಬ್ಬರಿನ ಪದರ, ನಡುವೆ ಪಾಲಿಯೆಸ್ಟರ್ ಅಥವಾ ಅರಾಮಿಡ್ ನೂಲಿನ ಹೆಣಿಗೆ, ಹೊರಗೆ ಮತ್ತೊಂದು ಪದರ. ಒತ್ತಡ ತಡೆಯುವುದು ಆ ನೂಲು. ಈ ಅಗ್ಗದ ಹೋಸಿನಲ್ಲಿ ಹೆಣಿಗೆ ಎಷ್ಟು ವಿರಳವೆಂದರೆ ಕತ್ತರಿಸಿದ ಅಂಚಿನಲ್ಲಿ ನೂಲಿನ ತುದಿಗಳು ಬೆರಳಿನಷ್ಟು ದೂರ ದೂರ. ಗೋಡೆಯ ದಪ್ಪ ನೇರ ಭಾಗದಲ್ಲಿ 4 ಮಿಲಿಮೀಟರ್, ಬಾಗಿನ ಹೊರಬದಿಯಲ್ಲಿ 3ಕ್ಕೂ ಕಡಿಮೆ. ಜೊತೆಗೆ ಅದು ಅಸಲಿಗಿಂತ 15 ಮಿಲಿಮೀಟರ್ ಉದ್ದವಿತ್ತು. ಹೆಚ್ಚಿನ ಉದ್ದ ಕೊಳವೆಯನ್ನು ಪಕ್ಕಕ್ಕೆ ತಳ್ಳಿ ಫ್ಯಾನ್ ಕವಚದ ಅಂಚಿಗೆ ತಾಗಿಸಿತ್ತು, ಅಲ್ಲಿ ಹೊರಪದರ ಸವೆದು ನೂಲು ಕಾಣುತ್ತಿತ್ತು. ಇನ್ನೆರಡು ಸಲ ಘಟ್ಟ ಹತ್ತಿದ್ದರೆ ಅಲ್ಲೇ ಒಡೆಯುತ್ತಿತ್ತೇನೋ.

ಮೊದಲ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಅಸಲಿ ಮೇಲಿನ ಹೋಸನ್ನೂ ತರಿಸಿ ಸೀಳಿದರು. ನಡುಭಾಗ ಇನ್ನೂ ಗಟ್ಟಿ. ಎಂಜಿನ್ ಕಡೆಯ ತುದಿಯಿಂದ ಎರಡು ಇಂಚಿನೊಳಗೆ ಮಾತ್ರ ಒಳಗೋಡೆಯಲ್ಲಿ ಉದ್ದುದ್ದ ಸಣ್ಣ ಸೀಳುಗಳು. ಇದು ಬಿಸಿಯಿಂದ ಒಣಗಿ ಬಿರಿದದ್ದಲ್ಲ, ವಿದ್ಯುತ್-ರಾಸಾಯನಿಕ ಸವೆತ. ಲೋಹದ ಮೂತಿ, ಕೂಲಂಟ್, ಇಂಗಾಲದ ಪುಡಿ ಬೆರೆತ ರಬ್ಬರ್ ಮೂರೂ ಸೇರಿ ಸಣ್ಣ ಬ್ಯಾಟರಿಯ ಹಾಗೆ ವರ್ತಿಸಿ ಒಳಗಿನಿಂದ ರಬ್ಬರನ್ನು ಸೀಳುತ್ತದೆ. ಲವಣಾಂಶದ ನೀರು, ವರ್ಷಗಟ್ಟಲೆ ಬದಲಿಸದ ಕೂಲಂಟ್ ಇದನ್ನು ಬೇಗ ತರುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಎಂಜಿನ್ ತಣ್ಣಗಿರುವಾಗ ತುದಿಯ ಹತ್ತಿರ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ಆಮೇಲೆ ನಡುಭಾಗ ಹಿಸುಕಿ ನೋಡಬೇಕು. ತುದಿ ಮೆತ್ತಗಿದ್ದರೆ, ಒಳಗೆ ಗೀರುಗಳು ಬೆರಳಿಗೆ ತಾಗಿದಂತಾದರೆ ಅದರ ಆಯುಸ್ಸು ಮುಗಿದಿದೆ.

ಯಾವುದನ್ನು ಕೊಳ್ಳುವುದು

ಇಲ್ಲಿ ನಾಲ್ಕು ದಾರಿ ಇದ್ದವು. "ಅದೂ ರಬ್ಬರ್ರೇ, ಇದೂ ರಬ್ಬರ್ರೇ ಅಣ್ಣ, ಇನ್ನೊಂದು ಜೋಡಿ ಲೋಕಲ್ ಹಾಕಿ ನಡಿಸಿ" ಎಂಬ ಸಲಹೆ ಮೊದಲ ಗ್ಯಾರೇಜಿನದು. ಸೀಳಿದ ಹೋಸನ್ನು ಕೈಯಲ್ಲಿ ಹಿಡಿದ ಮಾಲೀಕರು ಅದನ್ನು ಆಗಲೇ ಬಿಟ್ಟರು.

ಅವರ ಮನಸ್ಸಿದ್ದದ್ದು ಆನ್‌ಲೈನಿನಲ್ಲಿ ನೋಡಿದ ನೀಲಿ ಸಿಲಿಕೋನ್ ಕಿಟ್ ಮೇಲೆ. 7,500 ರೂಪಾಯಿ, ಜನ್ಮಪೂರ್ತಿ ಬಾಳುತ್ತದೆಂಬ ಜಾಹೀರಾತು. ಸಿಲಿಕೋನ್ ಒಳ್ಳೆಯ ವಸ್ತುವೇ. 150 ಡಿಗ್ರಿ ಮೀರುವ ಟರ್ಬೊ ಗಾಳಿಯ ಕೊಳವೆಗಳಿಗೆ, ಬಸ್ಸಿನ ಎಂಜಿನ್ ಕೋಣೆಯಲ್ಲಿ ಎಕ್ಸಾಸ್ಟ್ ಪಕ್ಕದಲ್ಲಿ ಹಾಯುವ ಹೋಸ್‌ಗಳಿಗೆ ಅದೇ ಸರಿ. ಕೂಲಂಟ್ 100 ಡಿಗ್ರಿಯ ಆಸುಪಾಸಿನಲ್ಲಿರುವ ಈ ಕಾರಿಗೆ ಆ ಗುಣದ ಪ್ರಯೋಜನ ಇಲ್ಲ, ತೊಡಕು ಮಾತ್ರ ಇದೆ. ಸಿಲಿಕೋನ್ ಗೋಡೆಯ ಮೂಲಕ ನೀರಿನ ಆವಿ ಇಪಿಡಿಎಂಗಿಂತ ಬೇಗ ಹೊರಬೀಳುತ್ತದೆ, ಡಬ್ಬಿಯ ಮಟ್ಟ ಇಳಿಯುತ್ತಲೇ ಇರುತ್ತದೆ. ಸೋರಿಕೆ ಹುಡುಕಿ ದಣಿದ ಮಾಲೀಕರಿಗೆ ಮತ್ತೆ ಅದೇ ತಲೆನೋವು. ಸೀಳುಗಳಿರುವ ಸಾಮಾನ್ಯ ಸ್ಕ್ರೂ ಕ್ಲಿಪ್ಪಿಗೆ ಮೆತ್ತನೆಯ ಸಿಲಿಕೋನ್ ಸಿಕ್ಕಿ ಕತ್ತರಿಸಿಹೋಗುತ್ತದೆ, ಒಳಪಟ್ಟಿ ಇರುವ ವಿಶೇಷ ಕ್ಲಿಪ್ಪೇ ಬೇಕು. ಕಿಟ್ ಬೇರೆ ದೇಶದ ಪೆಟ್ರೋಲ್ ಮಾದರಿಯ ಅಳತೆಗೆ ಮಾಡಿದ್ದೆಂದು ವಿವರಣೆಯ ಕೊನೆಯಲ್ಲಿ ಬರೆದದ್ದು ಕಣ್ಣಿಗೆ ಬಿದ್ದ ಮೇಲೆ ಆ ಮಾತು ನಿಂತಿತು.

ಉಳಿದದ್ದು ಎರಡು: ಕಾರು ಕಂಪನಿಯ ಪ್ಯಾಕೆಟ್ಟಿನ ಹೋಸ್, ಅಥವಾ ಕಾರು ಕಂಪನಿಗಳಿಗೆ ಸರಬರಾಜು ಮಾಡುವ ತಯಾರಕರೇ ತಮ್ಮ ಸ್ವಂತ ಹೆಸರಿನಲ್ಲಿ ಮಾರುವ ಹೋಸ್. ಹೊರಗಿನದು ಎಂದರೆ ಎಲ್ಲವೂ ಒಂದೇ ಎಂದುಕೊಳ್ಳುವುದು ದೊಡ್ಡ ತಪ್ಪು. ವಿಳಾಸವಿಲ್ಲದ ಚೀಲದ ಸರಕಿಗೂ ತಯಾರಕರ ಹೆಸರು, ತಯಾರಾದ ತಿಂಗಳು, ಕೂಲಂಟ್ ಹೋಸಿಗೆಂದೇ ಇರುವ ಎಸ್‌ಎಇ ಜೆ20 ಗುಣಮಟ್ಟದ ಗುರುತು ಮೈಮೇಲೆ ಅಚ್ಚಾಗಿರುವ ಹೋಸಿಗೂ ನಡುವಿನ ಅಂತರ, ಆ ಹೋಸಿಗೂ ಕಂಪನಿಯದಕ್ಕೂ ಇರುವ ಅಂತರಕ್ಕಿಂತ ಬಹಳ ದೊಡ್ಡದು.

ಎರಡೂ ಹೋಸಿಗೆ ಒಂದೇ ಉತ್ತರ ಇರಬೇಕಿಲ್ಲ ಎಂದು ತೀರ್ಮಾನಿಸಿದ್ದು ಈ ಪ್ರಕರಣದ ಮುಖ್ಯ ತಿರುವು. ಕೆಳಗಿನದರಲ್ಲಿ ಮೂರು ಬಾಗು, ಫ್ಯಾನ್ ಕವಚಕ್ಕೂ ಎಸಿ ಕೊಳವೆಗೂ ನಡುವೆ ಬೆರಳು ತೂರುವಷ್ಟೇ ಜಾಗ, ಎರಡು ತುದಿಯ ಒಳವ್ಯಾಸ ಬೇರೆ ಬೇರೆ, ಜೊತೆಗೆ ಪಂಪಿನ ಎಳೆತ. ಅಲ್ಲಿ ಆಕಾರದಲ್ಲಿ ಐದು ಮಿಲಿಮೀಟರ್ ತಪ್ಪಿದರೂ ಉಜ್ಜುತ್ತದೆ. ಅದಕ್ಕೆ ಕಂಪನಿಯದೇ ಎಂದಾಯಿತು, 980 ರೂಪಾಯಿ, ಡೀಲರ್ ಬಳಿ ಇತ್ತು. ಮೇಲಿನದು ಒಂದೇ ಬಾಗಿನ ಸರಳ ಹೋಸ್, ಸುತ್ತ ಜಾಗ ಇದೆ, ತಪ್ಪಾದರೆ ಬಾನೆಟ್ ತೆಗೆದ ತಕ್ಷಣ ಕಾಣುತ್ತದೆ. ಕಂಪನಿಯದು ಬರಲು ಮೂರು ವಾರ ಎಂದರು. ಟ್ಯಾಕ್ಸಿ ಮೂರು ವಾರ ನಿಲ್ಲುವಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೆಸರಾಂತ ತಯಾರಕರ ಹೋಸ್ ತರಿಸಿದರು.

ಮೊದಲು ಬಂದದ್ದನ್ನು ವಾಪಸ್ ಕಳಿಸಬೇಕಾಯಿತು. ಹಳೆಯದರ ಪಕ್ಕ ಮೇಜಿನ ಮೇಲೆ ಇಟ್ಟಾಗ ಉದ್ದ, ಬಾಗು ಎರಡೂ ಸರಿಯಿತ್ತು, ಎಂಜಿನ್ ಕಡೆಯ ಒಳವ್ಯಾಸ ಮಾತ್ರ 2 ಮಿಲಿಮೀಟರ್ ದೊಡ್ಡದು. "ಕ್ಲಿಪ್ ಬಿಗಿದರೆ ಕೂರುತ್ತೆ" ಎಂದರು ಅಂಗಡಿಯವರು. ಹಾಗೆ ಕೂರಿಸಬಾರದು. ಹೋಸಿನ ಒಳವ್ಯಾಸ ಮೂತಿಗಿಂತ ಒಂದು ಮಿಲಿಮೀಟರಿನಷ್ಟು ಚಿಕ್ಕದಿದ್ದು, ಸ್ವಲ್ಪ ಬಲ ಹಾಕಿ ತಳ್ಳಿದಾಗ ಒಳಹೋಗಬೇಕು. ಸಡಿಲವಾದದ್ದನ್ನು ಕ್ಲಿಪ್ಪಿನಿಂದ ಹಿಡಿದರೆ ರಬ್ಬರ್ ಮಡಿಕೆಯಾಗಿ ಆ ಮಡಿಕೆಯೇ ಸೋರುವ ಕಾಲುವೆಯಾಗುತ್ತದೆ. ಅದೇ ಕಾರಿನ ಪೆಟ್ರೋಲ್ ಮಾದರಿಯ ಹೋಸ್ ಬಂದಿತ್ತು. ಎರಡನೇ ಸಲ ಭಾಗದ ಸಂಖ್ಯೆ ಹೇಳಿ ತರಿಸಿದ್ದು ಸರಿಹೊಂದಿತು, 430 ರೂಪಾಯಿ.

ಕಂಪನಿಯ ಪ್ಯಾಕೆಟ್ಟನ್ನೂ ಕಣ್ಣುಮುಚ್ಚಿ ನಂಬಲಿಲ್ಲ. ಪ್ಯಾಕೆಟ್ಟಿನ ಮೇಲಿನ ಸಂಖ್ಯೆ ಹೋಸಿನ ಮೇಲೂ ಅಚ್ಚಾಗಿದೆಯೇ, ತಯಾರಕರ ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ವರ್ಷ ಇವೆಯೇ ನೋಡಿದರು. ಇವು ಪ್ಯಾಕೆಟ್ಟಿನಲ್ಲಿ ಇರಲೇಬೇಕೆಂದು ಕಾನೂನು ಇದೆ. ಅಸಲಿಯ ಹೆಸರಿನ ನಕಲಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಜೋಡಣೆ

ಹಳೆಯ ಹೋಸ್ ಮೂತಿಗೆ ಅಂಟಿಕೊಂಡಿದ್ದರೆ ಇಕ್ಕಳದಿಂದ ತಿರುಚಬಾರದು, ನೈಲಾನ್ ಮೂತಿ ಮುರಿಯುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿದರು. ಥರ್ಮೋಸ್ಟ್ಯಾಟ್ ಕವಚದ ಅಲ್ಯೂಮಿನಿಯಂ ಮೂತಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. 400 ನಂಬರಿನ ನೀರುಕಾಗದದಿಂದ ಸುತ್ತಲೂ ಉಜ್ಜಿ ತೆಗೆದರು. ಉದ್ದಕ್ಕೆ ಉಜ್ಜಿದರೆ ಗೀರುಗಳು ಒಳಗಿನಿಂದ ಹೊರಕ್ಕೆ ಸೋರುವ ದಾರಿಯಾಗುತ್ತವೆ. ಹೋಸ್ ತಳ್ಳಲು ಹಚ್ಚಿದ್ದು ಕೂಲಂಟನ್ನೇ, ಗ್ರೀಸನ್ನಲ್ಲ. ಎಣ್ಣೆ ಸೋಕಿದರೆ ಇಪಿಡಿಎಂ ಊದಿಕೊಳ್ಳುತ್ತದೆ. ಕಂಪನಿಯ ಹೋಸಿನ ಬಿಳಿ ಗೆರೆಯನ್ನು ಮೂತಿಯ ಗುರುತಿಗೆ ಸರಿಯಾಗಿ ನಿಲ್ಲಿಸಿದರು. ಕ್ಲಿಪ್ ಕೂರಬೇಕಾದದ್ದು ಮೂತಿಯ ಅಂಚಿನ ಉಬ್ಬಿನ ಹಿಂದೆ, ಹೋಸಿನ ತುದಿಯಿಂದ ನಾಲ್ಕೈದು ಮಿಲಿಮೀಟರ್ ಬಿಟ್ಟು.

ಮೂರು ಕಡೆ ಹೊಸ ಸ್ಪ್ರಿಂಗ್ ಕ್ಲಿಪ್ ಬಿದ್ದವು. ಮೇಲಿನ ಹೋಸಿನ ಎಂಜಿನ್ ತುದಿಗೆ ಮಾತ್ರ ಅದು ಹಿಡಿಸಲಿಲ್ಲ, ಹೊರಗಿನ ತಯಾರಕರ ಹೋಸಿನ ಗೋಡೆ ಅಸಲಿಗಿಂತ ಅರ್ಧ ಮಿಲಿಮೀಟರ್ ದಪ್ಪ. ಹೊತ್ತಾಗಿದೆ ಎಂದು ಅಲ್ಲಿ ಸ್ಕ್ರೂ ಕ್ಲಿಪ್ಪನ್ನೇ ಹಾಕಿದರು.

ಕೂಲಂಟನ್ನು ಬ್ಯಾಟರಿಗೆ ಬಳಸುವ ಶುದ್ಧ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ, ಹೀಟರ್ ಗುಂಡಿ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿದರು. ಕ್ಯಾಪ್ ತೆರೆದೇ ಎಂಜಿನ್ ಓಡಿಸಿ, ಥರ್ಮೋಸ್ಟ್ಯಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಅದನ್ನು ಆಗಾಗ ಹಿಸುಕಿ ಗಾಳಿ ಹೊರಡಿಸಿದರು. ಮಾರನೇ ದಿನ ತಣ್ಣಗಿದ್ದಾಗ ಮಟ್ಟ ನೋಡಿ ಮತ್ತೆ ತುಂಬಿದರು.

ಆಮೇಲೆ ಏನಾಯಿತು

ಘಟ್ಟದಲ್ಲಿ ಎಸಿ ಹಾಕಿಕೊಂಡೇ ಹತ್ತಿದಾಗ ಸ್ಕ್ಯಾನರಿನಲ್ಲಿ ಗರಿಷ್ಠ 98 ಡಿಗ್ರಿ. ಆದರೆ ನಾಲ್ಕನೇ ದಿನದ ಚಳಿಯ ಬೆಳಿಗ್ಗೆ, ಗಾಡಿ ಶುರುಮಾಡುವ ಮೊದಲೇ ಥರ್ಮೋಸ್ಟ್ಯಾಟ್ ಕವಚದ ಕೆಳಗೆ ಒದ್ದೆ. ಆ ಒಂದೇ ಒಂದು ಸ್ಕ್ರೂ ಕ್ಲಿಪ್ಪಿನ ಜಾಗ. ಬಿಸಿಯಾದಾಗ ಮೂತಿಯೂ ರಬ್ಬರೂ ಹಿಗ್ಗುತ್ತವೆ, ಕ್ಲಿಪ್ ಅಷ್ಟು ಹಿಗ್ಗುವುದಿಲ್ಲ, ನಡುವೆ ಸಿಕ್ಕ ರಬ್ಬರ್ ಅದುಮಿ ತೆಳುವಾಗುತ್ತದೆ. ತಣ್ಣಗಾದಾಗ ಎಲ್ಲವೂ ಕುಗ್ಗಿದರೂ ಕ್ಲಿಪ್ ಹಿಂದೆಯೇ ಬರುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಬರುತ್ತದೆ. ಒಂದು ಅಳತೆ ದೊಡ್ಡ ಸ್ಪ್ರಿಂಗ್ ಕ್ಲಿಪ್ ಹುಡುಕಿ ಹಾಕಿದ ಮೇಲೆ ಒಸರು ನಿಂತಿತು. ಅದರ ಬೆಲೆ 60 ರೂಪಾಯಿ. ಹಳೆಯ ಅಸಲಿ ಕ್ಲಿಪ್ಪುಗಳನ್ನು ಮೊದಲ ಸಲವೇ ಬಿಸಾಡದೆ ಇದ್ದಿದ್ದರೆ ಅರ್ಧ ತೊಂದರೆ ಹುಟ್ಟುತ್ತಲೇ ಇರಲಿಲ್ಲ ಎಂದು ಇಲ್ಲಿ ಖಚಿತವಾಗಿ ಹೇಳಬಹುದು.

ಒಟ್ಟು ಖರ್ಚು: ಹೋಸ್‌ಗಳು 1,410, ಕ್ಲಿಪ್‌ಗಳು 240, ಕ್ಯಾಪ್ 280, ಕೂಲಂಟ್ 1,200, ಕೂಲಿ 900, ಸೇರಿ 4,030 ರೂಪಾಯಿ. ಹನ್ನೊಂದು ತಿಂಗಳ ನಂತರದ ತಪಾಸಣೆಯಲ್ಲಿ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆಯೇ ಇತ್ತು. ಕಂಪನಿಯ ಕೆಳಗಿನ ಹೋಸಿಗೂ ಹೊರಗಿನ ಮೇಲಿನ ಹೋಸಿಗೂ ಹಿಸುಕಿದಾಗ, ಏರಿಸಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಇಂಥದೇ ಆಯ್ಕೆ ಎದುರಾದವರು ಹೋಸ್ ಎಷ್ಟು ಬಾಗಿದೆ, ಪಂಪಿನ ಎಳೆತದ ಬದಿಯಲ್ಲಿದೆಯೇ, ಒಡೆದರೆ ದಾರಿಯಲ್ಲಿ ಬದಲಿಸುವಂತಿದೆಯೇ ಎಂದು ಒಂದೊಂದನ್ನೇ ಬೇರೆಯಾಗಿ ನೋಡಬೇಕು. ಕಷ್ಟದ ಆಕಾರಕ್ಕೆ ಕಂಪನಿಯದು, ಸರಳ ಆಕಾರಕ್ಕೆ ಅಳೆದು ನೋಡಿದ ಒಳ್ಳೆಯ ತಯಾರಕರದು ಸಾಕು. ಎಲ್ಲ ಗಾಡಿಗೂ ಆಗುತ್ತದೆಂದು ಮಾರುವ ಸುಕ್ಕುಗಟ್ಟಿದ ಬಾಗುವ ಹೋಸ್ ದಾರಿಯಲ್ಲಿ ಕೈಕೊಟ್ಟಾಗ ಊರು ಸೇರಲು ಆದೀತು, ಘಟ್ಟ ಹತ್ತಲು ಅಲ್ಲ. ಹಳೆಯದು ಏಕೆ ಸತ್ತಿತು ಎಂದು ಸೀಳಿ ನೋಡದೆ ಹೊಸದನ್ನು ಹಾಕಿದರೆ ಅದೇ ನೀರು, ಅದೇ ಕ್ಯಾಪ್ ಅದನ್ನೂ ತಿನ್ನುತ್ತವೆ.

ಈ ಕಾರಿನಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಹೀಟರಿಗೆ ಹೋಗುವ ಎರಡು ಸಣ್ಣ ಹೋಸ್, ಪಂಪಿನ ಹಿಂದಿನ ಗೇಣುದ್ದದ ಬೈಪಾಸ್ ಹೋಸ್ (ರೇಡಿಯೇಟರಿಗೆ ಹೋಗದೆ ಕೂಲಂಟ್ ಪಂಪಿಗೆ ಮರಳುವ ದಾರಿ) ಈಗಲೂ 2014ರವೇ, ಅದೇ ನಲ್ಲಿ ನೀರು ಕುಡಿದವು. ಬೈಪಾಸಿಗೆ ಕೈ ಹೋಗಬೇಕಾದರೆ ವಾಟರ್ ಪಂಪ್ ಬಿಚ್ಚಬೇಕು. 2,20,000 ಕಿಲೋಮೀಟರಿಗೆ ಪಂಪ್ ಬದಲಿಸುವಾಗ ಮೂರನ್ನೂ ಕಂಪನಿಯದರಿಂದಲೇ ಬದಲಿಸುವುದೆಂದು ಮಾಲೀಕರೂ ಗ್ಯಾರೇಜಿನವರೂ ಒಪ್ಪಿ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.